ಬಲಗಡೆಯ ಸೀಟು

ಪಟಾಲಮ್ಮ ಸತ್ತ ಮೇಲೆ ಗಂಡನ ಕಾರು ಹತ್ತಿ ಕೂತಿದ್ದಾಳೆ ಎಂದು ಸಿಂಗಾಪುರದಲ್ಲಿ ಎಲ್ಲರೂ ನಂಬಿದ್ದರು. ಹಡಗು ಹತ್ತಿ ಹೋಗುವ ಸಿಂಗಾಪುರವಲ್ಲ, ಯಲಹಂಕದ ಪಕ್ಕದ್ದು. ಅರವತ್ತು ಮನೆ, ಒಂದು ಕೆರೆ, ಒಂದು ಕಾರು.

ಮೊದಲು ಕಂಡವನು ಮುನಿಶಾಮಪ್ಪ. ೧೯೫೯ರ ಕಾರ್ತಿಕ, ಅಮಾವಾಸ್ಯೆಗೆ ಎರಡು ದಿನ ಇತ್ತು. ಯಶವಂತಪುರದ ಮಿಲ್ಲಿನಲ್ಲಿ ಎರಡನೇ ಪಾಳಿ ಮುಗಿಸಿ, ಪಂಕ್ಚರ್ ಆದ ಸೈಕಲ್ ತಳ್ಳಿಕೊಂಡು ಊರಿಗೆ ಬರುತ್ತಿದ್ದ. ಹಾಳು ಬಾವಿ ದಾಟಿದ. ಆಲದ ಮರ ಬಂತು. ಸೈಕಲ್ಲಿನ ಚೈನು ಕಟ್... ಕಟ್... ಎನ್ನುತ್ತಿತ್ತು. ಅದರ ನಡುವೆ ಇನ್ನೊಂದು ಸದ್ದು. ತಗಡಿನ ಮೇಲೆ ಹನಿ ಬಿದ್ದಂತೆ, ಟಿಕಟಿಕ, ಟಿಕಟಿಕ. ಎದುರಿಂದ ಕಾರು. ದೀಪ ಮಂಕು, ಹಳದಿ. ಅವನು ಮರದ ಬೇರಿನ ಮೇಲೆ ಹತ್ತಿ ನಿಂತ. ಕಾರು ಮೈಗೆ ತಾಗುವಷ್ಟು ಹತ್ತಿರ ಹಾದುಹೋಯಿತು.

ಡ್ರೈವರ್ ಕೂರುವ ಜಾಗದಲ್ಲಿ ಒಬ್ಬ ಹೆಂಗಸು. ಸೆರಗು ಕಂಡಿತು. ಬಳೆ ಸದ್ದು ಕೇಳಿತು, ಎರಡೇ ಸಲ. ಅವಳ ಮುಂದೆ ಸ್ಟೀರಿಂಗ್ ಇರಲಿಲ್ಲ...

ಬೆಳಗ್ಗೆ ಎದ್ದವನೇ ಆನಂದಪ್ಪನ ಮನೆಗೆ ಬಂದ. ಕಾರು ಆನಂದಪ್ಪನದು, ಪಟಾಲಮ್ಮ ಅವನ ಹೆಂಡತಿ. ಮುನಿಶಾಮಪ್ಪನಿಗೆ ಅವನು ದೊಡ್ಡಪ್ಪನ ಮಗ, ಊರಿಗೆ ಮೊದಲ ಬಿ.ಎಸ್ಸಿ. ಪೇಟೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಡೆಮಾನ್‌ಸ್ಟ್ರೇಟರ್, ಹುಡುಗರಿಗೆ ಪ್ರಯೋಗ ಮಾಡಿ ತೋರಿಸುವ ಕೆಲಸ. ದೆವ್ವ, ಗಾಳಿ, ಮಾಟ ಎಂದರೆ ವಾದಕ್ಕೂ ಇಳಿಯುತ್ತಿರಲಿಲ್ಲ. ತುಟಿಯಂಚಿನಲ್ಲಿ ನಕ್ಕು ಕೈಗಂಟಿದ ಗ್ರೀಸು ಒರೆಸಿಕೊಳ್ಳುತ್ತಿದ್ದ.

"ಅಣ್ಣ... ನಿನ್ನೆ ರಾತ್ರಿ ಕಾರು ಯಾರು ತಗಂಡೋಗಿದ್ರು?"

"ನಾನೇ. ಯಾಕೋ?"

"ನೀನಲ್ಲ ಕಣಣ್ಣ. ಅತ್ತಿಗೆ ಓಡಿಸ್ತಿದ್ರು. ಈ ಕಣ್ಣಾಗೆ ಕಂಡೀವ್ನಿ."

ಆನಂದಪ್ಪ ನಕ್ಕ. "ಅದು ಅಮೆರಿಕದ ಕಾರು ಕಣೋ. ಅದರ ಸ್ಟೀರಿಂಗ್ ಎಡಗಡೆ. ನೀನು ನಮ್ಮೂರ ಬಸ್ಸು ನೋಡೋ ಹಾಗೆ ಬಲಗಡೆ ನೋಡಿದ್ದೀಯ. ಅಲ್ಲಿ ಡ್ರೈವರ್ ಕೂರಲ್ಲ."

ಮುನಿಶಾಮಪ್ಪ ಯೋಚಿಸಿದ. ಹತ್ತಿರ ಬಂದ. ದನಿ ತಗ್ಗಿಸಿದ.

"ಅಂಗಾದ್ರೆ ಬಲಗಡೆ ಕೂತಿದ್ದೋರು ಯಾರಣ್ಣ?"

ಆನಂದಪ್ಪ ಗ್ರೀಸಿಲ್ಲದ ಕೈಯನ್ನೂ ಒರೆಸಿಕೊಂಡ. ಆ ರಾತ್ರಿ ಅವನು ಒಬ್ಬನೇ ಹೋಗಿದ್ದ.

ಆ ಕಾರಿನ ಕತೆ ಇಷ್ಟು. ೧೯೩೮ರ ಪ್ಲಿಮತ್. ಯುದ್ಧದ ಕಾಲದಲ್ಲಿ ಯಾರೋ ಅಮೆರಿಕದ ಅಧಿಕಾರಿ ತಂದು, ಹೋಗುವಾಗ ಬಿಟ್ಟದ್ದು. ಆಮೇಲೆ ಯಾರ್ಯಾರ ಕೈ ದಾಟಿತೋ ತಿಳಿಯದು. ೧೯೪೮ರಲ್ಲಿ ಶಿವಾಜಿನಗರದ ಗುಜರಿಯಿಂದ ಆನಂದಪ್ಪ ಅದನ್ನು ಜೋಡೆತ್ತು ಕಟ್ಟಿ ಎಳೆಸಿಕೊಂಡು ಬಂದ. ಬಾನೆಟ್ಟಿನೊಳಗೆ ಕೋಳಿ ಮೊಟ್ಟೆ ಇಟ್ಟಿತ್ತು. ಮದುವೆಯೂ ಅದೇ ವರ್ಷ. ಯಾವುದು ಮೊದಲು ಎಂದರೆ, ಕಾರು.

ಹನ್ನೊಂದು ವರ್ಷ ಬಿಚ್ಚಿದ, ಜೋಡಿಸಿದ, ಮತ್ತೆ ಬಿಚ್ಚಿದ. ಒಂದೊಂದು ಬೋಲ್ಟನ್ನೂ ಸೀಮೆಎಣ್ಣೆಯಲ್ಲಿ ತೊಳೆದ. ಸಿಗದ ಭಾಗಗಳನ್ನು ತಾನೇ ಅರದಿಂದ ತಿಕ್ಕಿ ಮಾಡಿದ. ಭಾನುವಾರ, ಹಬ್ಬ, ಹುಣ್ಣಿಮೆ ಎಲ್ಲ ಅದರಡಿಯಲ್ಲೇ ಕಳೆದವು. ಪಟಾಲಮ್ಮ ಊಟಕ್ಕೆ ಕರೆದರೆ ಕಾರಿನಡಿಯಿಂದ ಚಾಚಿದ್ದ ಎರಡು ಕಾಲು ಉತ್ತರ ಕೊಡುತ್ತಿದ್ದವು.

"ಬರೋ ಭಾನುವಾರ ರೆಡಿ ಕಣೇ. ನಂದಿಬೆಟ್ಟಕ್ಕೆ ಕರ್ಕೊಂಡ್ ಹೋಗ್ತೀನಿ."

"ಸರಿ. ಈಗ ಮುದ್ದೆ ಆರೋಯ್ತದೆ, ಬನ್ನಿ."

ಶ್ರಾವಣದ ಒಂದು ರಾತ್ರಿ ಅವಳಿಗೆ ಹೊಟ್ಟೆನೋವು ಬಂತು. ಗೋಡೆ ಹಿಡಿದು ಎದ್ದು ಬಂದು, "ತಡ್ಯಾಕಾಗ್ತಿಲ್ಲ, ಕಾರು ತೆಗೀರಿ" ಅಂದಳು. ಹನ್ನೊಂದು ವರ್ಷದಲ್ಲಿ ಅವಳು ಆ ಕಾರನ್ನು ಕೇಳಿದ್ದು ಅದೊಂದೇ ಸಲ. ಅವತ್ತು ಎಂಜಿನ್ ತಲೆ ಬಿಚ್ಚಿತ್ತು. ಹನ್ನೆರಡು ವಾಲ್ವ್‌ಗಳು, ಉಜ್ಜಿ ಹೊಳೆಯುವಂತೆ ಮಾಡಿದ್ದು, ಹಳೆಯ ಪತ್ರಿಕೆಯ ಮೇಲೆ ನಂಬರಿನ ಪ್ರಕಾರ ಸಾಲಾಗಿ ಮಲಗಿದ್ದವು. ಪಕ್ಕದ ಮನೆಯವರು ಎತ್ತಿನ ಗಾಡಿ ಕಟ್ಟಿದರು. ಗಾಡಿ ಹತ್ತುವ ಮೊದಲು ಆನಂದಪ್ಪ ಒಂದು ಕೆಲಸ ಮಾಡಿದ. ಬಾಯಿ ತೆರೆದ ಸಿಲಿಂಡರ್‌ಗಳಿಗೆ ಧೂಳು ಬೀಳದ ಹಾಗೆ ಬಟ್ಟೆ ಹೊದಿಸಿ, ನಾಲ್ಕು ಮೂಲೆಗೂ ತೂಕ ಇಟ್ಟು ಬಂದ. ಪಟಾಲಮ್ಮ ಗಾಡಿಯಲ್ಲಿ ಮಲಗಿ ಅದನ್ನು ನೋಡುತ್ತಿದ್ದಳು.

ಹೆಬ್ಬಾಳದ ಕೆರೆ ಏರಿ ಮುಗಿಯುವ ಮೊದಲೇ ಅವಳು ಹೋಗಿಬಿಟ್ಟಳು.

ಹನ್ನೊಂದು ವರ್ಷ ಮುಗಿಯದ ಕೆಲಸ ಅದಾದ ಮೂರೇ ವಾರದಲ್ಲಿ ಮುಗಿಯಿತು. ಆನಂದಪ್ಪನಿಗೆ ನಿದ್ದೆ ಬರುತ್ತಿರಲಿಲ್ಲ. ರಾತ್ರಿಯೆಲ್ಲ ಕೆಲಸ ಮಾಡಿದ. ಕೆಲಸ ಮುಗಿದ ಮೇಲೆ ರಾತ್ರಿಯೆಲ್ಲ ಓಡಿಸಿದ.

ಮುನಿಶಾಮಪ್ಪ ಕಂಡದ್ದು ಮಧ್ಯಾಹ್ನದೊಳಗೆ ಊರಿಡೀ ಹಬ್ಬಿತು. ಆಮೇಲೆ ಕಾಣದವನೇ ಇಲ್ಲ. ಕೆರೆಯ ಬಳಿ ಕಂಡರು, ತೋಪಿನ ಬಳಿ ಕಂಡರು, ರಾತ್ರಿ ಮನೆಬಿಟ್ಟು ಹೊರಗೆ ಬರದವರೂ ಕಂಡರು. ಆನಂದಪ್ಪನ ಅಕ್ಕ ಮುನಿಕೃಷ್ಣಮ್ಮ ಬಾಗಿಲಲ್ಲೇ ನಿಂತು ಅಂದಳು:

"ಬದುಕಿದ್ದಾಗ ಒಂದ್ ದಿನ ಕೂರಿಸ್ಲಿಲ್ಲ. ಈಗ ಅವಳೇ ಅತ್ತಿ ಕೂತವ್ಳೆ. ಇಳಿಸು ನೋಡಾನ! ನಿಂಬೆಅಣ್ಣಾದ್ರೂ ಕಟ್ಟೋ, ನಿನ್ನ ಬಿಯಸ್ಸಿಗೆ ಬೆಂಕಿ ಬೀಳ."

ಅವನು ಕಟ್ಟಲಿಲ್ಲ. ಮೂಢನಂಬಿಕೆ ಎಂದ. ಓಡಿಸುವಾಗ ಪಕ್ಕಕ್ಕೆ ತಿರುಗಿ ತಿರುಗಿ ನೋಡಿದ. ಸೀಟು ಖಾಲಿ. ತಿರುವಿನಲ್ಲಿ ಮಾತ್ರ ಆ ಸೀಟಿನ ಸ್ಪ್ರಿಂಗು ಕಿರ್ರ್... ಎನ್ನುತ್ತಿತ್ತು, ಇವನ ಸೀಟಿನ ಸದ್ದು ನಿಂತು ಒಂದು ಗಳಿಗೆ ಆದ ಮೇಲೆ. ಅದಕ್ಕೂ ಕಾರಣ ಹುಡುಕಿದ: ಹಳೆಯ ತೆಂಗಿನ ನಾರು, ತುಕ್ಕು, ತೇವ.

ಆದರೆ ಸ್ವಲ್ಪ ದಿನದಲ್ಲೇ ಒಂದು ಅಭ್ಯಾಸ ಹತ್ತಿತು. ಹೊರಡುವ ಮೊದಲು ಬಲಗಡೆಯ ಬಾಗಿಲು ತೆಗೆದು, ಸ್ವಲ್ಪ ಹೊತ್ತು ಕಾದು, ಧಪ್ ಎನ್ನದಂತೆ ಮೆತ್ತಗೆ ಹಾಕುತ್ತಿದ್ದ. ಚಳಿಗಾಲವೆಂದು ಆ ಕಡೆಯ ಗಾಜು ಏರಿಸುತ್ತಿದ್ದ. ನಿಂಬೆಹಣ್ಣು ಕಟ್ಟದ ನಿಜವಾದ ಕಾರಣ ಮೂಢನಂಬಿಕೆಯಲ್ಲ. ಕಟ್ಟಿದರೆ ಅವಳು ಇಳಿದು ಹೋದಾಳು. ಬಂದು ಕೂತಿದ್ದಾಳೆ ಅಂದರೆ ಕ್ಷಮಿಸಿದ್ದಾಳೆ ಅಂತ ತಾನೇ? ಕ್ಷಮಿಸದವಳು ಅದೇ ಕಾರನ್ನು ಯಾಕೆ ಹತ್ತುತ್ತಾಳೆ? ಈ ತರ್ಕವನ್ನು ಬೇರೆ ಯಾರಾದರೂ ಹೇಳಿದ್ದರೆ ಅವನು ತುಟಿಯಂಚಿನಲ್ಲಿ ನಗುತ್ತಿದ್ದ.

ಒಂದು ರಾತ್ರಿ ಅವಳನ್ನು ನಂದಿಬೆಟ್ಟಕ್ಕೆ ಕರೆದುಕೊಂಡು ಹೊರಟ.

ಪುಷ್ಯ ಮಾಸ, ಮಂಜು. ಕೊಡಿಗೇಹಳ್ಳಿಯ ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಬರಬೇಕಿತ್ತು. ಎಂಜಿನ್ ಆರಿಸಿದ. ಕಾದ ಕಬ್ಬಿಣ ತಣಿಯುತ್ತ ಟಿಣ್... ಟಿಣ್... ಎನ್ನತೊಡಗಿತು. ಗೇಟಿನವನು ಲಾಟೀನು ಹಿಡಿದು ಬಂದ. ಹೆಸರು ನೂರುಲ್ಲಾ. ದೊಡ್ಡಬಳ್ಳಾಪುರದ ಕಡೆಯಿಂದ ವರ್ಗವಾಗಿ ಬಂದು ಎಂಟು ದಿನ. ಸಿಂಗಾಪುರದವರ ಕತೆ ಒಂದೂ ಗೊತ್ತಿಲ್ಲದವನು. ಇಂಥ ಸಾಕ್ಷಿ ಪ್ರಯೋಗಶಾಲೆಯಲ್ಲೂ ಸಿಗುವುದಿಲ್ಲ. ಡ್ರೈವರನ್ನು ಮಾತಾಡಿಸಲೆಂದು ಎಲ್ಲರಂತೆ ಬಲಗಡೆಗೇ ಬಂದ. ಲಾಟೀನು ಎತ್ತಿದ. ಗಕ್ಕನೆ ಇಳಿಸಿದ. ಬಗ್ಗಿ ಸಲಾಂ ಮಾಡಿ, ಸುತ್ತು ಹಾಕಿ ಎಡಗಡೆಗೆ ಬಂದ.

"ಯಾರಿಗಪ್ಪಾ ಸಲಾಂ?"

"ಅಮ್ಮಾವ್ರಿಗೆ ಸ್ವಾಮಿ." ಪಿಸುಮಾತು. "ಗೊತ್ತಾಗ್ಲಿಲ್ಲ. ತಪ್ಪು ತಿಳ್ಕೋಬೇಡಿ."

ಆನಂದಪ್ಪ ಪಕ್ಕಕ್ಕೆ ನೋಡಿದ. ಖಾಲಿ. ಗೇಟಿನವನನ್ನೇ ಕೇಳಿದ:

"ಕೋಪ ಮಾಡ್ಕೊಂಡಿದ್ದಾಳಾ?"

ನೂರುಲ್ಲಾ ತಬ್ಬಿಬ್ಬಾದ. "ನಂಗೆಂಗೆ ಗೊತ್ತಾಗ್ಬೇಕು ಸ್ವಾಮಿ? ಮೊಕ ನಿಮ್ ಕಡೀಕೆ ತಿರುಗಿಸ್ಕೊಂಡವ್ರೆ. ನಿಮ್ಮನ್ನೇ ನೋಡ್ತಾವ್ರೆ. ನಂಗೆ ಬೆನ್ನು ಕಾಣ್ತು, ಜಡೆ ಕಾಣ್ತು, ಅಷ್ಟೆ."

"ಜಡೆ..."

"ಉದ್ದ ಜಡೆ ಸ್ವಾಮಿ. ಸೀಟಿಂದ ಕೆಳಕ್ಕೆ ಇಳಿಬಿದ್ದದೆ. ಬಾಗಿಲಿಗೆ ಸಿಕ್ಕಾಕ್ಕೊಂಡೀತು, ಸ್ವಲ್ಪ ನೋಡ್ಕೊಳ್ಳಿ."

ಗೂಡ್ಸ್ ಬಂತು, ಹೋಯಿತು. ಗೇಟು ಕಿರುಗುಟ್ಟುತ್ತ ತೆರೆಯಿತು. ಆನಂದಪ್ಪ ಕಾರು ಸ್ಟಾರ್ಟ್ ಮಾಡಲಿಲ್ಲ. ಎಡಗಡೆಯ ಬಾಗಿಲು ತೆಗೆದು ಇಳಿದ. ಬಾಗಿಲು ಹಾಕಲೂ ಇಲ್ಲ. ಒಂದೇ ಸಮನೆ ಸಿಂಗಾಪುರದ ತನಕ ನಡೆದ.

ಇದು ನಡೆದದ್ದು. ನೂರುಲ್ಲಾ ಕುಡಿಯುವವನಲ್ಲ. ಬೆಳಗ್ಗೆ ಆ ಕಾರನ್ನು ಹಳಿಯ ಪಕ್ಕದಿಂದ ತಳ್ಳಿದ ನಾಲ್ವರಲ್ಲಿ ಮೂವರು ಇನ್ನೂ ಇದ್ದಾರೆ, ಬೇಕಾದರೆ ಹೋಗಿ ಕೇಳಬಹುದು.

ಪಟಾಲಮ್ಮನಿಗೆ ಜಡೆ ಇರಲಿಲ್ಲ. ಗಂಡನಿಗೆ ಕಾರಿನ ಹುಚ್ಚು ಬಿಡಲೆಂದು, ಸಾಯುವುದಕ್ಕೆ ಒಂದು ತಿಂಗಳ ಮುಂಚೆ ಅವಳು ತಿರುಪತಿಯಲ್ಲಿ ಮುಡಿ ಕೊಟ್ಟು ಬಂದಿದ್ದಳು.