ಖರಾದದ ಸೊಸಿ

“ಸೊಸಿನ್ನ ಬಡೀಬ್ಯಾಡ್ರಿ.” ಅಷ್ಟೇ ಅಂದ್ಳು ನಿಮ್ಮಾಯಿ, ನನ್ನ ಹೆಣ್ತಿ. ಮುಂದ ಏನೋ ಹೇಳಲಿಕ್ಕ ಬಾಯಿ ತೆರದ್ಳು, ಬರಲಿಲ್ಲ. ನಾ ನೀರ ಹಾಕಿದೆ. ನೀರ ಒಳಗ ಹೋಗಲಿಲ್ಲ, ಗದ್ದದ ಮ್ಯಾಲಿಂದ ಇಳೀತು. ಆಮ್ಯಾಲ ಆಕಿ ಇರಲಿಲ್ಲ. ಜ್ವರದ ವರ್ಷ ಅದು. ನಿಜಾಮನ ರಾಜ್ಯ. ನಮ್ಮ ತುರೋರಿ ಊರಾಗ ಮನಿಮನಿಗಿ ಹಾಸಗಿ ಬಿದ್ದಿದ್ವು, ಹೆಣ ಹೊರೂ ಮಂದಿ ಸಿಗ್ತಿರಲಿಲ್ಲ. ಜ್ವಾಳ ಇದ್ದ ಮನ್ಯಾಗ ಬೀಸಾಕಿ ಇರಲಿಲ್ಲ, ಬೀಸಾಕಿ ಇದ್ದ ಮನ್ಯಾಗ ಜ್ವಾಳ ಇರಲಿಲ್ಲ. ನಮ್ಮನ್ಯಾಗ ಯಾರಿದ್ದಿವಿ ಅಂದ್ರ ನಾ, ಆಕಿ, ಮತ್ತ ಸೊಸಿ. ಸೊಸಿ ಅಂದ್ರ ನಿಮ್ಮವ್ವ. ನಗಬ್ಯಾಡ್ರಿ. ನಿಮ್ಮವ್ವನೂ ಒಂದು ಕಾಲಕ್ಕ ಹೊಸಾ ಸೊಸಿನೇ ಇದ್ಳು, ತಲಿ ಮ್ಯಾಲಿನ ಸೆರಗ ಇಳಸ್ತಿರಲಿಲ್ಲ. ನಿಮ್ಮಪ್ಪ ಉದಗೀರದಾಗ ಯಾರದೋ ವಾಡೇಕ್ಕ ಬಾಗಲಾ ಕೂಡಸಲಿಕ್ಕ ಹೋಗಿದ್ದ. ಹೇಳಿ ಕಳಿಸಿದ್ದಿವಿ, ಇನ್ನೂ ಬಂದಿರಲಿಲ್ಲ. ಮತ್ತ ಬಾಜೂ ಮನಿ ಸೋನಾಬಾಯಿ ಇದ್ಳು, ಹೊಸ್ತಲದಾಗ ಕೂತಿದ್ಳು. ಆಕಿನೂ ಆ ಮಾತ ಕೇಳಿದ್ಳು. ಅದೇ ಘಾತ ಆಗಿದ್ದು.

ನಾ ನಿಮ್ಮವ್ವಗ ಎಂದೂ ಕೈ ಎತ್ತಿದಾಂವಲ್ಲ. ಜೋರಾಗಿ ಮಾತಾಡಿದಾಂವೂ ಅಲ್ಲ. ಖರೆ, ನಮ್ಮನ್ಯಾಗ ಇನ್ನೊಬ್ಬಾಕಿ ಸೊಸಿ ಇದ್ಳು, ಆಕಿನ್ನ ದಿನಾ ಬಡೀತಿದ್ದೆ. ತಡೀರಿ, ಹೇಳ್ತೀನಿ. ಆ ಮೂಲ್ಯಾಗ ನೋಡ್ರಿ, ಖರಾದ. ಕಟಿಗಿ ತಿರುಗಿಸಿ ಕೊರಿಯೂದು. ನಮ್ಮಜ್ಜನ ಕಾಲದ್ದು, ಅಲ್ಲ, ಅವನಜ್ಜಂದೋ ಏನೋ. ಕೆಳಗ ದಿಮ್ಮಿ ಅದ. ದಿಮ್ಮಿ ಮ್ಯಾಲ ಎರಡು ಮೋಟ ಗೂಟ, ಎದುರಾಬದುರಾ. ಎರಡಕ್ಕೂ ಕಬ್ಬಣದ ಮುಳ್ಳು. ಆ ಮುಳ್ಳಿನ ನಡಬರಕ ಕಟಿಗಿ ಹಿಡಸೂದು, ಕಟಿಗಿಗಿ ಹಗ್ಗ ಸುತ್ತೂದು. ಆ ಕಡಿ ಕೂತು ನಿಮ್ಮಾಯಿ ಹಗ್ಗ ಎಳೀತಿದ್ಳು, ಬಲಗೈ, ಎಡಗೈ, ಬಲಗೈ, ಎಡಗೈ, ಮೊಸರ ಕಡದಂಗ. ಈ ಕಡಿ ಕೂತು ನಾ ಉಳಿ ಹಿಡೀತಿದ್ದೆ. ಆಕಿ ಬಲಗೈ ಎಳದ್ರ ಕಟಿಗಿ ನನ್ನ ಕಡಿ ತಿರಗ್ತದ, ಆಗ ಕೊರೀಬೇಕು. ಎಡಗೈ ಎಳದ್ರ ಉಳಿ ಎತ್ತಬೇಕು. ಎತ್ತಲಿಲ್ಲಂದ್ರ... ಇರಲಿ, ಅದು ಬ್ಯಾರೆ ಮಾತು.

ಎಲ್ಲಿದ್ದೆ? ಹಾಂ, ಗೂಟ. ಒಂದು ಗೂಟ ಅಲ್ಲಾಡೂದಿಲ್ಲ, ದಿಮ್ಮಿಗಿ ಜಡದದ್ದು. ಇನ್ನೊಂದು ಸರೀತದ. ಕಟಿಗಿ ಉದ್ದ ಇದ್ರ ಹಿಂದ, ಗಿಡ್ಡ ಇದ್ರ ಮುಂದ. ಸರಿಸಿ ಬೆಣಿ ಹೊಡದು ಬಿಗಿ ಮಾಡೂದು. ನಿಮ್ಮಾಯಿ ಮದಿವ್ಯಾಗಿ ಬಂದ ಹೊಸದಾಗ ಇದನ್ನ ನೋಡಿ, “ಅಲ್ಲಾಡದಾಕಿ ಅತ್ತಿ, ಹಿಂದ ಮುಂದ ಓಡ್ಯಾಡಾಕಿ ಸೊಸಿ” ಅಂದಿದ್ಳು. ಮೆಲ್ಲಕ ಅಂದ್ಳು, ನಮ್ಮವ್ವ ಒಳಗ ರೊಟ್ಟಿ ಬಡೀತಿದ್ಳು. ಅಂದಿನಿಂದ ನಮ್ಮಿಬ್ಬರ ಬಾಯಾಗ ಗೂಟಕ್ಕ ಅವೇ ಹೆಸರು. ಅತ್ತಿಗಿ ಎಣ್ಣಿ ಬಿಡ್ರಿ, ಸೊಸಿ ಸಡ್ಲಾಗ್ಯಾಳ, ಹಿಂಗ. ಮಂದಿ ಎದುರು ಅಂತಿರಲಿಲ್ಲ. ನಿಮ್ಮಪ್ಪಗೂ ಗೊತ್ತಿಲ್ಲ, ಅಂವಾ ಖರಾದಕ್ಕ ಕೂತಾಂವಲ್ಲ. ಸೊಸಿನ್ನ ಸರಸಬೇಕಂದ್ರ ಕಟಿಗಿ ಕೊಡತಿಲೇ ಬಡೀಬೇಕು. ಆಕಿ ಅದನ್ನೇ ಅಂದಿರಬೇಕು. ಅಂದಿರಬೇಕು ಅಂತ ಈಗ ಅಂತೀನಿ. ಆಗ ತಿಳೀಲಿಲ್ಲ. ಮಣ್ಣ ಮಾಡಿ ಬಂದು ಕೂತು ಗೂಟ ಅನ್ಕೊಂಡೆ, ಮತ್ತ ಹುಡುಗಿ ಅನ್ಕೊಂಡೆ, ಮತ್ತ ಗೂಟ. ಸಾಯೂ ಮುಂದ ಯಾರಾರ ಕಟಿಗಿ ಗೂಟದ ಮಾತಾಡ್ತಾರೇನು? ಹುಡುಗಿ ಮಾತಂದ್ರ, ಯಾಕ ಆಡಿದ್ಳು? ನಾ ಏನ ಮಾಡಿದ್ದೆ? ಕೇಳೋಣಂದ್ರ ಆ ಹೆಸರ ಗೊತ್ತಿದ್ದಾಕಿ ಆಕಿ ಒಬ್ಬಾಕಿನೇ.

ಸೋನಾಬಾಯಿಗಿ ಹಂಥಾ ಗೊಂದಲ ಏನೂ ಇರಲಿಲ್ಲ. ಭಾವಿ ಕಟ್ಟಿಗಿ ಹೋಗಿ, “ಅಗಂ ಬಾಯೀ, ಸುನೇಲಾ ಮಾರೂ ನಕಾ ಮ್ಹಣಾಲೀ!” ಅಂದ್ಳು. ಸೊಸಿನ್ನ ಬಡೀಬ್ಯಾಡ್ರಿ ಅಂದು ಜೀವ ಬಿಟ್ಳಂತ. ಕನ್ನಡದಾಗ ಹುಟ್ಟಿದ ಮಾತು ಮರಾಠ್ಯಾಗ ಗಾಡಿ ಹತ್ತಿ ನಿಲಂಗಾ ಮುಟ್ತು. ನಿಲಂಗಾ ನಿಮ್ಮವ್ವನ ತವರು. ಬೀಗ ಬಂದ, ನಿಮ್ಮವ್ವನ ಅಪ್ಪ. ನೇಗಿಲಾ ಕುಂಟಿ ಮಾಡಾಂವ, ಖರಾದ ಕಂಡಾಂವಲ್ಲ. ಕೈ ಅಂದ್ರ ಹಾರಿ ಇದ್ದಂಗ. ನೀರ ಕೊಟ್ರ ಮುಟ್ಟಲಿಲ್ಲ, ನಿಂತೇ ಮಾತಾಡ್ದ.

“ಬೀಗರ, ಸತ್ತ ಮನಿ, ಜೋರ ಮಾಡೂದಿಲ್ಲ. ನನ್ನ ಮಗಳಿನ್ನ ಕರಕೊಂಡು ಹೋಗ್ತೀನಿ.”

“ಯಾಕ್ರಿ?”

“ಯಾಕ ಅಂತೀರಿ? ಸಾಯಾಕಿ ಸುಳ್ಳ ಹೇಳ್ತಾಳೇನ್ರಿ?”

“ಸುಳ್ಳಲ್ಲ.”

“ಹಂಗಾರ ಬಡದೀರಿ.”

“ಬಡದೀನಿ. ಅಲ್ಲಲ್ಲ, ಸೊಸಿನ್ನ ಬಡದೀನಿ. ಇಕಿನ್ನಲ್ಲ.”

ಬೀಗ ನನ್ನ ಮಾರಿ ನೋಡಿದ. “ಮತ್ತೆಷ್ಟು ಮಂದಿ ಸೊಸ್ತೇರ ಅದಾರ ನಿಮಗ?”

ನಿಮ್ಮವ್ವ ಬಾಗಲ ಹಿಂದಿಂದ, “ಯಪ್ಪಾ, ಮಾವ ನನ್ನ ಮುಟ್ಟಿಲ್ಲ” ಅಂದ್ಳು. “ನೀ ಸುಮ್ಮಿರು. ಮಾವನ ಎದುರು ನಿಂತು ಹುಡುಗಿ ಮತ್ತೇನಂತಾಳ? ಗಂಟ ಕಟ್ಟು” ಅಂದ. ಆಕಿ ಅಳಕೋತ ಗಂಟ ಕಟ್ಟಲಿಕ್ಕ ಹತ್ತಿದ್ಳು. ಹಂಗ ಕರಕೊಂಡ ಹೋದ ಹುಡುಗಿ ತಿರಗಿ ಬರೂದು ಕಷ್ಟ, ಆ ಕಾಲದಾಗ. ನಿಮ್ಮಪ್ಪ ಉದಗೀರದಿಂದ ಬಂದ್ರ ಅವ್ವನೂ ಇಲ್ಲ, ಹೆಣ್ತಿನೂ ಇಲ್ಲ. ನನಗ ಮಾತು ಬರ್ತಿರಲಿಲ್ಲ, ಈಗೂ ಬರೂದಿಲ್ಲ. ಬೀಗನ ಕೈ ಹಿಡದು ಖರಾದದ ಕಡಿ ಎಳದೆ.

“ಇದು ಮುಳ್ಳು” ಅಂದೆ. “ಇದು ಹಗ್ಗ. ಇದು ಉಳಿ ಇಡೂ ಪಟ್ಟಿ, ಕಾಲಿಲೇ ಒತ್ತಿ ಹಿಡಿಯೂದು. ಇದು ಅರಗು, ಬಣ್ಣಕ್ಕ.” ಬೀಗ ಪೆಟಗ್ಯಾಗಿಂದ ಒಂದು ಕಟಿಗಿ ಬಳಿ ಎತ್ತಿದ. “ಇದು?” “ಗೊತ್ತಿಲ್ರಿ. ಅಜ್ಜ ಇಟ್ಟಿದ್ದ. ಆಕಿ ಗಡಗಿ ಕೆಳಗ ಇಡ್ತಿದ್ಳು.” “ಬೀಗರ, ನಾ ಮಗಳ ಮಾತು ಕೇಳ್ತೀನಿ, ನೀವು ಗಡಗಿ ಮಾತು ಹೇಳ್ತೀರಿ!” ನಾ ಗೂಟಕ್ಕ ಬೆರಳ ಮಾಡಿ, “ಇಕಿ ಅತ್ತಿ. ಇಕಿ ಸೊಸಿ” ಅಂದೆ. ಬೀಗ ತಿರಗಿ ಮಗಳಿಗಿ ಮೆಲ್ಲಕ, “ಪಾಪ, ತಲ್ಯಾಗ ಏನೋ ಆಗ್ಯದ” ಅಂದ. ನನಗೂ ಹಂಗೇ ಅನಸ್ತು.

ಆದರೂ ಬೀಗನೂ ಬಡಿಗ ಅಲ್ಲೇನು, ಕಟಿಗಿ ಕಂಡ್ರ ಕೈ ಸುಮ್ಮಿರೂದಿಲ್ಲ. ನಿಮ್ಮಾಯಿ ಕೂಡೂ ಜಾಗಕ್ಕ ಹೋಗಿ ಕುಕ್ಕರಗಾಲಿಲೇ ಕೂತ. ಸೊಸಿ ಮ್ಯಾಲ ಹೆಬ್ಬೆರಳ ಆಡಿಸಿದ. ನಿಂತಿತು ಬೆರಳು. “ಬೀಗರ, ಈ ಕಡಿ ಬರ್ರಿ.” ನಾ ಆ ಕಡಿಂದ ಎಂದೂ ನೋಡಿದಾಂವಲ್ಲ. ಬೆಣಿ ಸಂದಿಯಿಂದ ಮುಳ್ಳಿನ ತನಕ ಸೀಳು. ಸೀಳಿನಾಗ ಅರಗು ತುಂಬ್ಯದ. ಮ್ಯಾಲ ಒಂದು ಹಸರ ಅರಿವಿ ಪಟ್ಟಿ ಬಿಗದದ. ನಿಮ್ಮವ್ವ ಗಂಟ ಬಿಟ್ಟು ಬಂದು ಬಗ್ಗಿ ನೋಡಿದ್ಳು. “ಅತ್ತೀ ಸೀರಿ ಸೆರಗು ಇದು” ಅಂದ್ಳು. ಅಂದು ಪಟ್ಟಿ ಹಿಡಕೊಂಡೇ ಕೂತ್ಳು.

“ಕೊಡತಿ ಪೆಟ್ಟಿನ ಸೀಳು” ಬೀಗ ಅಂದ. “ಇನ್ನೊಂದು ಜೋರ ಬಿದ್ದಿದ್ರ ಮುಳ್ಳು ಕಿತ್ತು ಹಗ್ಗ ಎಳಿಯಾಕಿ ಮಾರಿಗೇ ಬರ್ತಿತ್ತು.” ಹಗ್ಗ ಎಳಿಯಾಕಿ ಯಾರು? ಅಲ್ಲಿತನಕ ಆಕಿ. ಆಕಿ ಹೋದ ಮ್ಯಾಲ? ನಾ ನಿಮ್ಮವ್ವನ ಕಡಿ ನೋಡಿದೆ. ಬೀಗನೂ ನೋಡಿದ. ಆಮ್ಯಾಲ ಬೀಗ, “ಅತ್ತಿ ಯಾವಾಕಿ ಅಂದ್ರಿ?” “ಆ ಅಲ್ಲಾಡದಾಕಿ.” ಅಂವಗ ನಗಿ ಬಂತು. ಸತ್ತ ಮನಿ, ರುಮಾಲಿನ ಚುಂಗ ಬಾಯಿಗಿ ಒತ್ತಕೊಂಡ. ಹಂಗೇ ಕಣ್ಣೂ ಒರಸಕೊಂಡ. “ತಗದು ಕೊಡವಾ ಆ ನೀರ” ಅಂದ. ಕುಡದು, ತೊಗಲಿನ ಬಾರ ನೆನಿಹಾಕಿ ಸೀಳಿಗಿ ಬಿಗದ. ನೇಗಿಲಾ ಸೀಳಿದ್ರ ಹಂಗೇ ಕಟ್ತಾರ, ಒಣಗಿದಂಗ ಬಿಗೀತದ. ಹಸರ ಪಟ್ಟಿ ಬಿಚ್ಚಲಿಕ್ಕ ಹೋದ. “ಇರಲ್ರಿ” ಅಂದೆ. ಅದರ ಮ್ಯಾಲೇ ಕಟ್ಟಿದ. ಮಗಳಿನ್ನ ಇಲ್ಲೇ ಬಿಟ್ಟು ಹೋದ.

ಆಕಿ ಗೂಟದ ಮಾತು ಆಡಿದ್ಳೋ, ಹುಡುಗೀದೋ, ಇವತ್ತಿಗೂ ನನಗ ಗೊತ್ತಿಲ್ಲ. ಮರುದಿನ ಮುಂಜಾನೆ ಎದ್ದೆ. ಕೊಡತಿ ನೀರೊಲಿಗಿ ಹಾಕಿದೆ. ಬೆಣಿ ಕೈಲೇ ಅಲ್ಲಾಡಿಸಿ, ಸೊಸಿನ್ನ ಕೈಲೇ ದೂಡಿದೆ. ನಿಮ್ಮಾಯಿ ಜ್ವರದಾಗ ಹಾಸಗಿ ಹಿಡಿಯೂ ಮುಂಚೆ ಅರ್ಧ ಆಗಿ ನಿಂತಿದ್ದ ಲಟ್ಟಣಿಗಿ ಹಿಡಿಸಿದೆ. ಆಮ್ಯಾಲ ಆ ಕಡಿ ಹೋಗಿ ಆಕಿ ಜಾಗದಾಗ ನಾ ಕೂತೆ, ಮುಳ್ಳಿನ ಎದುರು. ಉಳಿ ನಿಮ್ಮವ್ವನ ಕೈಯಾಗ ಕೊಟ್ಟೆ. “ಮಾವಾ, ನನಗ ಬರೂದಿಲ್ಲ” ಅಂದ್ಳು. “ನನಗೂ ಹಗ್ಗ ಬರೂದಿಲ್ಲ” ಅಂದೆ. ಎಳದೆ. ಬಲಗೈ. ಎಡಗೈ. ಸತ್ತೋರ ಮಾತಿಗಿ ಎರಡರ್ಥ ಇದ್ರ ಎರಡೂ ನಡಸ್ರಿ, ಮಕ್ಳ.