ಒಂದೊಂದು ಬಾಟಲಿಗೆ ಒಂದೊಂದು ದ್ರಾಕ್ಷಿ

ಹೊನ್ನಾಳಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಅಕ್ಕ ತಮ್ಮ ಕೂತಿದ್ದರು. ಅಕ್ಕನ ತೊಡೆಯ ಮೇಲಿದ್ದ ಚೀಲದಲ್ಲಿ ವೈನ್ ಬಾಟಲಿಗಳು.

"ತಿಮ್ಮೇಶ, ಶಿವಮೊಗ್ಗದಾಗೆ ಅಂಗಡಿಯೋರನ್ನ ಕೇಳಿ ಆರಿಸಿ ತಂದೀನಿ. ಎಲ್ಲಾ ಕಡಿಮೆ ರೇಟಿನವೇ. ಒಂದೊಂದ್ರಾಗೂ ಒಂದೇ ಜಾತಿ ದ್ರಾಕ್ಷಿ ಐತಂತೆ. ಶಿರಾಜ್ ದ್ರಾಕ್ಷಿ ಅಂದ್ರೆ ಕಾಳುಮೆಣಸಿನ ಘಮ ಅಂತ ನೀನೇ ಹೇಳ್ತಿದ್ದಲ್ಲ?"

"ಹೇಳ್ತಿದ್ದೆ ಅಕ್ಕ, ಜ್ವರ ಬರಾಕೆ ಮುಂಚೆ."

"ದಿನಾ ಮೂಸಿದ್ರೆ ವಾಸನೆ ವಾಪಸ್ ಬರಬಹುದು ಅಂದಾರೆ ಡಾಕ್ಟ್ರು. ನಾಳಿದ್ದು ನಿನ್ನ ವೈನ್ ಫ್ಯಾಕ್ಟ್ರಿಯಾಗೆ ಮೂಗಿನ ಪರೀಕ್ಷೆ ಮಾಡ್ತಾರೆ. ಇದೊಂದು ತೆಗಿ."

ಅವನು ಚೀಲದೊಳಗೇ ಮುಚ್ಚಳ ತಿರುಗಿಸಿ, ಬಗ್ಗಿ, ಬಹಳ ಹೊತ್ತು ಮೂಸಿದ. ಘಮ ನನ್ನ ತನಕ ಬಂತು.

"ಏನಾದ್ರೂ ಗೊತ್ತಾತಾ?"

"ನೀರು ಮೂಸಿದಂಗೈತೆ."

"ಇನ್ನೊಂದು ನೋಡು."

"ಬ್ಯಾಡಕ್ಕ. ರುಚಿ ನೋಡೋ ಕೆಲಸ ಇನ್ನು ನನಗಿಲ್ಲ. ನಿನ್ನ ಕೂಸಿನ ತಲೆ ಮೂಸಿದ್ರೂ ಏನೂ ಬರಲ್ಲ."

ಅವಳು ಬಾಟಲಿಯ ಮುಚ್ಚಳ ಬಿಗಿಮಾಡಿದಳು.

"ಪರೀಕ್ಷೆಗೆ ನಾನೂ ಬರ್ತೀನಿ ಬಿಡು. ನಾನು ಮೂಸಿ ನಿನ್ನ ಕಿವಿಯಾಗೆ ಹೇಳ್ತೀನಿ."

"ಒಳಗೆ ಒಬ್ಬೊಬ್ಬರನ್ನೇ ಕರೀತಾರಕ್ಕ."

ನ್ಯಾಮತಿ ಬಸ್ಸು ಬಂತು. ಅವನು ಬರಿಗೈಲಿ ಹತ್ತಿದ. ಅವಳು ಬಾಟಲಿಗಳು ಒಂದಕ್ಕೊಂದು ತಾಕದಂತೆ ಚೀಲವನ್ನು ಎದೆಗವಚಿಕೊಂಡು ಹಿಂದೆ ಹತ್ತಿದಳು.