ಚಂಪಾ ಬೆದರಿದ್ದು ನನ್ನ ಏಟಿಗೆ

ನನ್ನ ಹೆಸರು ರೇವಣಸಿದ್ದ ಬಿನ್ ಲೇಟ್ ಲಿಂಗಯ್ಯ, 57 ವರ್ಷ, ಕುದುರೆ ಸವಾರಿ ಕಲಿಸುವ ಕೆಲಸ, ವಾಸ ಮೇಟಗಳ್ಳಿ, ಮೈಸೂರು. ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ದಿನಾಂಕ 16-02-2025ರ ಭಾನುವಾರ ಬೆಳಿಗ್ಗೆ 6.40ಕ್ಕೆ ವಿಜಯನಗರದ ಅಂಚಿನಲ್ಲಿರುವ ನಮ್ಮ ಸವಾರಿ ಶಾಲೆಯಲ್ಲಿ, ಜಯಲಕ್ಷ್ಮಿಪುರಂ ವಾಸಿ ಸುಚಿತ್ರಾ, 19 ವರ್ಷ, ಎಂಬ ವಿದ್ಯಾರ್ಥಿನಿ ಚಂಪಾ ಎಂಬ ಹೆಣ್ಣು ಕುದುರೆಯ ಮೇಲಿದ್ದರು. ಎರಡು ಅಡಿ ಎತ್ತರದ ಅಡ್ಡಕೋಲನ್ನು ಹಾರಲು ಕುದುರೆ ಮೂರು ಸಲ ಒಪ್ಪಲಿಲ್ಲ. ಅದು ಹೆದರಿದೆ, ಕೋಲನ್ನು ಒಮ್ಮೆ ಮೂಸಿ ನೋಡಲಿ ಎಂದು ಸುಚಿತ್ರಾ ಕೇಳಿಕೊಂಡರು. ಸಲಿಗೆ ಕೊಟ್ಟರೆ ತಲೆ ಮೇಲೆ ಕೂರುತ್ತದೆಂದು ನಾನು ಗದರಿಸಿ, ಹಿಂದಿನಿಂದ ಚಾಟಿಯಲ್ಲಿ ಕುದುರೆಗೆ ಎರಡು ಏಟು ಹೊಡೆದೆನು.

ಕುದುರೆ ಬೆದರಿ, ತೆರೆದಿದ್ದ ಗೇಟಿನಿಂದ ರಸ್ತೆಗೆ ನುಗ್ಗಿತು. ನಾನು ಮೊಪೆಡ್‌ನಲ್ಲಿ ಹಿಂಬಾಲಿಸಿದೆನು. ಸುಮಾರು 150 ಮೀಟರ್ ದೂರದಲ್ಲಿ ಎದುರಿಗೆ ಬಂದ ಆಟೋ ಚಾಲಕ ಸುಂದರೇಶರವರು ಗಾಡಿಯನ್ನು ಪಕ್ಕಕ್ಕೆ ತಿರುಗಿಸಿದಾಗ ಅದು ಫುಟ್‌ಪಾತ್‌ಗೆ ಗುದ್ದಿ ಮುಂದಿನ ಗಾಜು ಒಡೆಯಿತು. ಅವರ ಮೊಣಕೈ ತರಚಿತು. "ಲಗಾಮು ಎಳಿ, ಬಾಯಿ ಹರುದ್ರೂ ಎಳಿ ಕಣಮ್ಮ" ಎಂದು ನಾನು ಕೂಗುತ್ತಲೇ ಇದ್ದೆನು. ಸುಚಿತ್ರಾ ಎಳೆಯಲಿಲ್ಲ. ಲಗಾಮು ಸಡಿಲಿಸಿ, ಒಂದು ಕೈಯನ್ನು ಕುದುರೆಯ ಕತ್ತಿನ ಮೇಲಿಟ್ಟು, ಏನೋ ಮಾತನಾಡುತ್ತಾ, ಅದನ್ನು ಎಡಗಡೆಯ ಖಾಲಿ ಸೈಟಿಗೆ ತಿರುಗಿಸಿ ದೊಡ್ಡ ಸುತ್ತಿನಲ್ಲಿ ಓಡಲು ಬಿಟ್ಟರು. ಮೂರನೆಯ ಸುತ್ತಿಗೆ ಕುದುರೆ ತಾನಾಗಿಯೇ ನಿಂತಿತು. ಆಗ ಸಮಯ 6.52. ಅಲ್ಲಿಂದ 60 ಮೀಟರ್ ಮುಂದಿನ ಸರ್ಕಲ್‌ನಲ್ಲಿ ಬಸ್ಸುಗಳು ತಿರುಗುತ್ತಿದ್ದವು.

ಸುಚಿತ್ರಾ ಕೆಳಗಿಳಿದರು. ನಾನು ಹತ್ತಿರ ಹೋದಾಗ ಕುದುರೆ ತಲೆ ಎತ್ತಿ, ನಾಲ್ಕು ಹೆಜ್ಜೆ ಸರಿದು ಅವರ ಹಿಂದೆ ನಿಂತಿತು. ಅದರ ಬಾಯಿಗೆ ಗಾಯವಾಗಿರಲಿಲ್ಲ. ಹಿಂಭಾಗದಲ್ಲಿ ಎರಡು ಬಾಸುಂಡೆಗಳಿದ್ದವು. ಅವೆರಡೂ ನನ್ನ ಏಟಿನವು.

ಸುಚಿತ್ರಾರವರ ಅಜಾಗರೂಕತೆಯೇ ಕಾರಣವೆಂದು ಸುಂದರೇಶರವರು ದೂರು ಕೊಟ್ಟಿರುವುದು ನಿನ್ನೆ ತಿಳಿಯಿತು. ಸುಂದರೇಶರವರ ಮನೆಗೆ ಹೋಗಿ ನಡೆದದ್ದನ್ನು ಹೇಳಿದೆನು. ಅವರು "ಹೊಡುದ್ರೆ ಓಡ್ದೆ ಇನ್ನೇನ್ ಮಾಡ್ತದೆ ಸಾಮಿ? ಆ ಮಗಿನ್ ಮ್ಯಾಲಿನ ಕಂಪ್ಲೇಂಟು ವಾಪಸ್ ತಗೋತೀನಿ. ಇದ್ನ ನೀವೇ ಸ್ಟೇಷನ್‌ಗೋಗಿ ಬರ್ಸಿ" ಎಂದರು.

ಈ ದಿನ ಬೆಳಿಗ್ಗೆ 6 ಗಂಟೆಗೆ, ಸುಚಿತ್ರಾ ಹೇಳಿಕೊಟ್ಟಂತೆ ಬರಿಗೈಯಲ್ಲಿ ಮೈದಾನದ ನಡುವೆ ನೆಲದ ಮೇಲೆ ಕುಳಿತೆನು. "ಕರೀಬೇಡಿ ಸಾರ್, ಸುಮ್ನಿರಿ, ಅದೇ ಬರುತ್ತೆ" ಎಂದಿದ್ದರು. 50 ನಿಮಿಷಗಳ ನಂತರ ಚಂಪಾ ಬಂದು ನನ್ನ ಭುಜಕ್ಕೆ ಮೂತಿ ತಾಗಿಸಿ ನಿಂತಿತು. ನಾನು ಈ ಕೆಲಸಕ್ಕೆ ಸೇರಿ 31 ವರ್ಷವಾಯಿತು. ಕರೆಯದೆ ನನ್ನ ಬಳಿಗೆ ಬಂದ ಮೊದಲ ಕುದುರೆ ಇದು.

ಸುಚಿತ್ರಾರವರ ತಪ್ಪೇನೂ ಇರುವುದಿಲ್ಲ. ಬರೆದದ್ದನ್ನು ಓದಿ ಹೇಳಿದರು, ಕೇಳಿದೆನು; ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ಮೈಸೂರು
ದಿನಾಂಕ: 18-02-2025
ಸಹಿ/- ರೇವಣಸಿದ್ದ